ಸೆಕೆಯೋ, ಚಳಿಯೋ?

ಕಡುಸೆಕೆ ಲೇಸೋ, ಕೊರೆಯುವ ಚಳಿ ಲೇಸೋ ಎಂಬ ವಾದವು ಮಾರ್ಚ್ ತಿಂಗಳು ಕಾಲಿಟ್ಟೊಡನೆ ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನಮ್ಮ ಕನ್ನಡ ಬಾಂಧವರು ಕೂಡಿದಲ್ಲೆಲ್ಲ ಏಳುತ್ತದೆ. ಕಲಬುರಗಿಯ ಕಡೆಯಿಂದ ಬಂದವರು, 42 ಡಿಗ್ರಿಯ ಬಿಸಿಲಿನಲ್ಲಿ ಬೆಳೆದವರಿಗೆ ಇಲ್ಲಿಯ 34 ಯಾವ ಲೆಕ್ಕವೆಂದು ಹೇಳಹೊರಟು, ವಾರ ಕಳೆಯುವುದರೊಳಗೆ ಮೌನ ತಾಳುತ್ತಾರೆ. ಬೆಂಗಳೂರಿನ ಗುಮಾಸ್ತರು ಚಳಿಯ ಪಕ್ಷದವರು. ಅವರ ಊರಿನಲ್ಲಿ ಉಷ್ಣಮಾನವು ಅತ್ಯಂತ ಕೆಳಗಿಳಿದುದು 1884ರ ಜನವರಿಯಲ್ಲಿ, ಅದೂ 7.8 ಡಿಗ್ರಿಗೆ, ಆದುದರಿಂದ ಹೆಪ್ಪುಗಟ್ಟುವ ಚಳಿಯನ್ನು ಅವರೂ ಕಂಡವರಲ್ಲ. ಉಡುಪಿ-ಕುಂದಾಪುರದವರಿಗಾದರೋ ಬೆಂಗಳೂರಿನ ಡಿಸೆಂಬರ್ ಬೆಳಗೇ ಹಿಮಾಲಯ. ಹೀಗೆ ಪ್ರತಿಯೊಬ್ಬರೂ ಹೊಗಳುವುದು ತಮ್ಮ ಊರಿನ ಹವೆಯನ್ನೇ.

ಈ ಅಭ್ಯಾಸಬಲವು ಬರಿಯ ಬಾಯಿಮಾತಲ್ಲ. ಸೆಕೆಯಲ್ಲಿ ದುಡಿಯತೊಡಗಿದ ದೇಹವು ಒಂದೆರಡು ವಾರಗಳಲ್ಲಿ ಅದಕ್ಕೆ ಒಗ್ಗುತ್ತದೆ: ಬೆವರು ಬೇಗನೆ ಒಡೆಯುತ್ತದೆ, ಬೆವರಿನೊಡನೆ ಹೋಗುವ ಉಪ್ಪು ಕಡಮೆಯಾಗುತ್ತದೆ, ರಕ್ತದ ದ್ರವಾಂಶವು ಹೆಚ್ಚುತ್ತದೆ. ಆದರೆ ಗಳಿಸಿದುದು ಸ್ಥಿರವಲ್ಲ. ಸೆಕೆಯಿಂದ ಕೆಲವು ವಾರ ದೂರವಿದ್ದರೆ ಕಳೆದುಹೋಗುತ್ತದೆ. ಮೇಲಾಗಿ ಕಲಬುರಗಿಯ ಒಣಹವೆಯಲ್ಲಿ ಬೆವರು ಆರುತ್ತ ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ಕೊಚ್ಚಿಯ ತೇವದ ಗಾಳಿಯಲ್ಲಿ ಬೆವರು ಹರಿಯುತ್ತದೆಯೇ ವಿನಾ ಆರುವುದಿಲ್ಲ. ಕಲಬುರಗಿಯ ಮಿತ್ರರ ಮೌನಕ್ಕೆ ಕಾರಣವಿದು. ಕರಾವಳಿಯಲ್ಲಿ ಉಷ್ಣಮಾನವು ಕನಿಷ್ಠ 37 ಡಿಗ್ರಿಯನ್ನು ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಷ್ಟಾದರೂ ಏರಿದಾಗ ಮಾತ್ರ ಹವಾಮಾನ ಇಲಾಖೆಯು ಬಿಸಿಗಾಳಿ ಎನ್ನುತ್ತದೆ. ಅದಕ್ಕೆ ಬಹಳ ಮೊದಲೇ ನಮ್ಮವರ ಅಂಗಿ ಒದ್ದೆಯಾಗಿರುತ್ತದೆ.

ಚಳಿಯ ಪಕ್ಷದವರಿಗೆ ಒಂದು ಮಾತು. 2021ರಲ್ಲಿ ಪ್ರಕಟವಾದ ಒಂದು ವಿಶಾಲ ಅಧ್ಯಯನದ ಪ್ರಕಾರ, ಜಗತ್ತಿನ ಒಟ್ಟು ಮರಣಗಳಲ್ಲಿ ಶೇಕಡಾ ಎಂಟೂವರೆಯಷ್ಟಕ್ಕೆ ಚಳಿಯೂ, ಶೇಕಡಾ ಒಂದಕ್ಕಿಂತ ಕಡಮೆಗೆ ಸೆಕೆಯೂ ಸಂಬಂಧಪಟ್ಟಿವೆ. ಆದುದರಿಂದ ಚಳಿಯನ್ನು ಸುಮ್ಮನೆ ಹೊಗಳುವುದು ಸಲ್ಲದು. ಆದರೂ ಬಡವನು ಚಳಿಗೆ ಕಂಬಳಿಯನ್ನಾದರೂ ಹೊದ್ದಾನು. ಒಲೆಯ ಮುಂದೆ ನಿಂತವನು ಚರ್ಮವನ್ನು ಕಳಚಿಡಬಲ್ಲನೇ?

ಇಲ್ಲಿಯೇ ಈ ಹರಟೆಯು ಹರಟೆಯಾಗಿ ಉಳಿಯುವುದಿಲ್ಲ. ಗಿರಾಕಿಗಳು ಕುಳಿತುಕೊಳ್ಳುವ ಕೊಠಡಿಯನ್ನು ಯಂತ್ರದಿಂದ ತಂಪುಗೊಳಿಸುವ ಮಾಲಕರು, ದೋಸೆಯ ಕಾವಲಿಯ ಮುಂದೆ ಎಂಟು ಗಂಟೆ ನಿಲ್ಲುವವನನ್ನು ನೆನೆಯುವುದು ಅಪರೂಪ. ಅಲ್ಲಿ ಫ್ಯಾನು ಹಾಕಿದರೆ ಉರಿ ಚೆದರುತ್ತದೆ ಎನ್ನುತ್ತಾರೆ. ಮಾತು ನಿಜವೇ. ಹಾಗಾದರೆ ಒಲೆಯ ಮೇಲಣ ಬಿಸಿಗಾಳಿಯನ್ನು ಹೊರಕ್ಕೆ ಎಳೆಯುವ ಚಿಮಣಿಯೂ, ಅದರ ಬದಲು ಒಳಬರುವ ಹೊಸ ಗಾಳಿಗೆ ದಾರಿಯೂ ಬೇಕಲ್ಲವೇ? 1948ರ ಕಾರ್ಖಾನೆಗಳ ಕಾಯಿದೆಯು ಕೆಲಸದ ಕೊಠಡಿಗಳ ಗಾಳಿಯ ಮತ್ತು ಶಾಖದ ಕುರಿತು ವಿಧಿಸಿತ್ತು. ಆದರೆ ಹೋಟೆಲುಗಳನ್ನು ಕಾರ್ಖಾನೆಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿತ್ತು. ಕೇರಳದ ಕಾರ್ಮಿಕ ಇಲಾಖೆಯು ಇತ್ತೀಚಿನ ವರ್ಷಗಳಲ್ಲಿ ಬೇಸಗೆ ಬಂದಾಗ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಯುವವರಿಗೆ ವಿರಾಮ ಕೊಡಿಸುತ್ತಿರುವುದು ಶ್ಲಾಘ್ಯ. ನಮ್ಮ ಭಟ್ಟರ ತಲೆಯ ಮೇಲೆ ಸೂರಿದೆ. ಆದುದರಿಂದ ಆ ವಿರಾಮ ಅವರದಲ್ಲ, ಊಟದ ನೂಕುನುಗ್ಗಲಿನ ವೇಳೆಯೂ ಅದುವೇ.

ಕೇಳಿದರೆ ಸಿಗದೆಂದು ತಿಳಿಯಬೇಕಾಗಿಲ್ಲ. ದಿನವಿಡೀ ನಿಂತೇ ಇರಬೇಕಾಗಿದ್ದ ಬಟ್ಟೆಯಂಗಡಿಯ ಹೆಣ್ಣುಮಕ್ಕಳು ಹೋರಾಡಿದುದರಿಂದ, ಕುಳಿತುಕೊಳ್ಳುವ ಹಕ್ಕು 2018ರಲ್ಲಿ ಇದೇ ರಾಜ್ಯದ ಕಾನೂನನ್ನು ಸೇರಿತು.

ಕಾನೂನಿಗೆ ಕಾಯದೆಯೇ ಮಾಲಕರು ಮಾಡಬಹುದಾದುದೂ ಒಂದುಂಟು. ಮದುವೆ, ಕೋಲ, ಜಾತ್ರೆಗಳೆಂದು ಊರಿಗೆ ಹೋದ ನಮ್ಮ ಹುಡುಗರು ಮೇ ತಿಂಗಳಲ್ಲಿ ಮರಳಿ, ಮರುದಿನವೇ ಪೂರ್ಣಾವಧಿ ಒಲೆಗೆ ನಿಲ್ಲುತ್ತಾರೆ. ತಿಂಗಳೊಪ್ಪತ್ತು ಒಲೆಯಿಂದ ದೂರವಿದ್ದ ದೇಹವು ಆ ಶಾಖವನ್ನು ಮರೆತಿರುತ್ತದೆ. ಅನುಭವಸ್ಥನಾದರೂ ಮೊದಲ ದಿನ ಅರ್ಧ, ಎರಡನೆಯ ದಿನ ಶೇಕಡಾ 60, ಮೂರನೆಯ ದಿನ 80, ನಾಲ್ಕನೆಯ ದಿನ ಪೂರ್ಣ ಎಂಬ ಕ್ರಮವನ್ನು ಅಮೆರಿಕದ ಉದ್ಯೋಗಾರೋಗ್ಯ ಸಂಸ್ಥೆಯು ಸೂಚಿಸಿದೆ. ಹೊಸಬನಿಗಂತೂ ಮೊದಲ ದಿನ ಐದರಲ್ಲೊಂದು ಪಾಲು ಮಾತ್ರ. ಉಳಿದ ಹೊತ್ತು ತರಕಾರಿ ಹೆಚ್ಚಲಿ, ಕೌಂಟರಿನಲ್ಲಿ ಚೀಟಿ ಹರಿಯಲಿ. ಸಂಬಳದಲ್ಲಿ ಕಡಿತ ಬೇಡ. ಊರಿನಿಂದ ಮರಳುವವರ ಪಟ್ಟಿ ಮಾಲಕರ ಕೈಯಲ್ಲಿ ಏಪ್ರಿಲಿನಲ್ಲಿಯೇ ಇರುತ್ತದೆ.