‘ಬಂಜೆ’ಗೆ ಪುಲ್ಲಿಂಗವೆಲ್ಲಿ?

‘ಬಂಜೆ’ ಎಂಬ ಪದಕ್ಕೆ ನಮ್ಮ ಆಡುಮಾತಿನಲ್ಲಿ ಪುಲ್ಲಿಂಗ ರೂಪವಿಲ್ಲ. ನಿಘಂಟನ್ನು ತಿರುವಿಹಾಕಿದರೆ ‘ವಂಧ್ಯ’ ಎಂಬ ಸಂಸ್ಕೃತ ಶಬ್ದ ಸಿಕ್ಕೀತು. ಆದರೆ ಮಕ್ಕಳಿಲ್ಲದ ಗಂಡಸನ್ನು ಯಾರಾದರೂ ಆ ಹೆಸರಿನಿಂದ ಕರೆದುದನ್ನು ನಾನಂತೂ ಕೇಳಿಲ್ಲ. ಗಂಡಸನ್ನು ಹೀಯಾಳಿಸಲು ಇರುವ ಪದಗಳು ಅವನ ಪುರುಷತ್ವವನ್ನು ಅಣಕಿಸುತ್ತವೆ, ಅವನ ಸಂತಾನಹೀನತೆಯನ್ನು ಮುಟ್ಟುವುದೇ ಇಲ್ಲ. ಇಬ್ಬರಿಗೂ ಸೇರಿದ ಒಂದು ನೋವನ್ನು ಒಬ್ಬಳ ಹೆಸರಿಗೆ ಮಾತ್ರ ಬರೆದಿಟ್ಟಿದ್ದೇವೆ. ಈ ಅನ್ಯಾಯ ಹೊರಗಿನ ಸಮಾಜದಲ್ಲಿದೆ ಎಂದು ಸುಮ್ಮನಾಗುವಂತಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ, ಪ್ರತಿ ಸಂಜೆ ಜಪಸರ ಹೇಳುವ ಮನೆಗಳಲ್ಲಿ, ಅದು ಸುಖವಾಗಿ ಬಾಳುತ್ತಿದೆ.

ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳಕ್ಕೆ ಬಂದರೆ ಸಾಕು, ಮದುವೆಯಾಗಿ ಎರಡು ವರ್ಷ ದಾಟಿದ ಹೆಣ್ಣುಮಗಳನ್ನು ಯಾರಾದರೊಬ್ಬರು, ‘ಏನಮ್ಮ, ಇನ್ನೂ ವಿಶೇಷವಿಲ್ಲವೇ?’ ಎಂದು ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೇಡಿಲ್ಲದಿರಬಹುದು. ಆದರೆ ಅದೇ ಪ್ರಶ್ನೆಯನ್ನು ಆಕೆ ಆ ವಾರದಲ್ಲೇ ತವರಿನಲ್ಲಿ, ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ಕೇಳಿಸಿಕೊಂಡು ಬಂದಿರುತ್ತಾಳೆ. ಬಳೆ ತೊಡಿಸುವ ಶಾಸ್ತ್ರಕ್ಕೆ ಆಕೆಗೆ ಕರೆಯಿಲ್ಲ. ಕರೆದರೂ ಆರತಿ ತಟ್ಟೆ ಆಕೆಯ ಕೈತಪ್ಪಿಸಿ ಮುಂದೆ ಹೋಗುತ್ತದೆ. ಜ್ಞಾನಸ್ನಾನದ ದಿನ, ದೃಷ್ಟಿ ತಾಗೀತೆಂದು ಮಗುವನ್ನು ಆಕೆಯ ಮಡಿಲಿಗೆ ಕೊಡಲು ಹಿಂಜರಿಯುವ ಅಜ್ಜಿಯರನ್ನು ನಾನು ಕಂಡಿದ್ದೇನೆ. ಸೈತಾನನನ್ನೂ ಅವನ ಕೃತ್ಯಗಳನ್ನೂ ತ್ಯಜಿಸುತ್ತೇವೆಂದು ಹತ್ತು ನಿಮಿಷದ ಹಿಂದಷ್ಟೇ ಪೀಠದ ಮುಂದೆ ನುಡಿದ ಕುಟುಂಬವದು!

ವೈದ್ಯಶಾಸ್ತ್ರ ಹೇಳುವುದೇ ಬೇರೆ. ದಂಪತಿಗಳು ಹನ್ನೆರಡು ತಿಂಗಳು ಸಹಜವಾಗಿ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಬಂಜೆತನವೆಂದು ಗುರುತಿಸುತ್ತದೆ. ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆಂದು 2023ರಲ್ಲಿ ಅದೇ ಸಂಸ್ಥೆ ಪ್ರಕಟಿಸಿತು. ಅಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ವಿಷಯದಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ನಮ್ಮ ದೇಶದಲ್ಲಿ ಕ್ಷಯರೋಗವು ಯಾವ ಸದ್ದೂ ಇಲ್ಲದೆ ಹೆಣ್ಣಿನ ಗರ್ಭನಾಳಗಳನ್ನು ಮುಚ್ಚಿಬಿಡುವುದುಂಟು. ಹದಿಹರೆಯದ ಹುಡುಗನಿಗೆ ಬಂದ ಮಂಗನಬಾವು ವೃಷಣಗಳಿಗೆ ಇಳಿದು ಹಾನಿ ಮಾಡುವುದೂ ಉಂಟು. ಇದರಲ್ಲಿ ಯಾರ ಪಾಪ, ಯಾರ ಶಾಪ?

ಪರೀಕ್ಷೆಗಳಲ್ಲೆಲ್ಲ ಸರಳವಾದದ್ದು ಗಂಡಸಿನ ವೀರ್ಯಪರೀಕ್ಷೆ. ಅದಕ್ಕೆ ಸೂಜಿ ಬೇಡ, ಅರಿವಳಿಕೆ ಬೇಡ. ಹೆಣ್ಣಿಗಾದರೋ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳಕ್ಕೆ ಬಣ್ಣದ್ರವ ಹಾಯಿಸಿ ತೆಗೆಯುವ ಎಕ್ಸ್‌ರೇ, ಹೊಟ್ಟೆಯಲ್ಲಿ ರಂಧ್ರ ಮಾಡಿ ನೋಡುವ ಲ್ಯಾಪ್ರೊಸ್ಕೋಪಿ. ಇಷ್ಟಿದ್ದೂ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು, ಕೆಲವೊಮ್ಮೆ ಕೊನೆಯವರೆಗೂ ಒಬ್ಬಳೇ ಹತ್ತುವವಳು ಹೆಂಡತಿ. ‘ನನ್ನಲ್ಲಿ ಯಾವ ದೋಷವೂ ಇಲ್ಲ ಫಾದರ್’ ಎಂದು ಪರೀಕ್ಷೆಗೇ ಹೋಗದ ಗಂಡಂದಿರು ಘೋಷಿಸುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಇದು ಧೈರ್ಯವಂತರ ಮಾತಲ್ಲ.

ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಮದುವೆಯಾಗಿ ಐದಾರು ವರ್ಷವಾದ ಮಗನನ್ನು ಕರೆದುಕೊಂಡು ತಂದೆತಾಯಿ ಗುರುಮನೆಗೆ ಬರುತ್ತಾರೆ. ಸೊಸೆ ಜೊತೆಯಲ್ಲಿರುವುದಿಲ್ಲ. ಮದುವೆಯನ್ನು ರದ್ದುಪಡಿಸಿ ಬೇರೆ ಹೆಣ್ಣು ತರಲು ಧರ್ಮಪ್ರಾಂತ್ಯದ ನ್ಯಾಯಮಂಡಳಿಯಲ್ಲಿ ಅವಕಾಶವಿದೆಯೇ ಎಂಬುದು ಅವರ ಪ್ರಶ್ನೆ. ಉತ್ತರವನ್ನು ಇಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆದುಬಿಡುತ್ತೇನೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1084ನೆಯ ವಿಧಿಯ ಪ್ರಕಾರ ಬಂಜೆತನವು ವಿವಾಹಕ್ಕೆ ಅಡ್ಡಿಯಲ್ಲ. ಅದರಿಂದ ವಿವಾಹ ಅಸಿಂಧುವೂ ಆಗುವುದಿಲ್ಲ. ತನಗೆ ಮಕ್ಕಳಾಗುವುದಿಲ್ಲವೆಂದು ಮೊದಲೇ ಬಲ್ಲವರು ಒಪ್ಪಿಗೆ ಪಡೆಯಲೆಂದೇ ಅದನ್ನು ಮರೆಮಾಚಿ ವಂಚಿಸಿದ್ದರೆ ಅದು ಬೇರೆ ಮಾತು. ಮದುವೆಯ ನಂತರ ವೈದ್ಯರ ಕೊಠಡಿಯಲ್ಲಿ ತಿಳಿದುಬಂದ ಸಂಗತಿ ವಂಚನೆಯಾಗದು. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಇದನ್ನೇ ಬೋಧಿಸಿತು: ವಿವಾಹವು ಸಂತಾನಕ್ಕಾಗಿ ಮಾತ್ರ ಏರ್ಪಟ್ಟುದಲ್ಲ, ಬಹುವಾಗಿ ಬಯಸಿದ ಮಕ್ಕಳು ಇಲ್ಲದೆಹೋದಾಗಲೂ ಅದರ ಮೌಲ್ಯ ಕುಂದುವುದಿಲ್ಲ. ಅಂದ ಮೇಲೆ ಸೊಸೆಯನ್ನು ತವರಿಗಟ್ಟುವ ಅಧಿಕಾರವನ್ನು ಈ ಹಿರಿಯರಿಗೆ ಕೊಟ್ಟವರಾರು?

ನಮ್ಮ ಪ್ರಬೋಧನೆಗಳ ಮಾತಿಗೂ ಬರೋಣ. ಸಾರಾ, ರಾಖೇಲ, ಹನ್ನ, ಎಲಿಜಬೇತ್ ಇವರ ಕಥೆಗಳನ್ನು ನಾವು ಯಾಜಕರು ಮತ್ತೆ ಮತ್ತೆ ಹೇಳುತ್ತೇವೆ. ಪ್ರತಿಸಲವೂ ಮಗು ಹುಟ್ಟಿದಲ್ಲಿಗೆ ಕಥೆ ಮುಗಿಸುತ್ತೇವೆ. ಧ್ಯಾನಕೂಟಗಳಲ್ಲಿ ಸಾಕ್ಷ್ಯ ಹೇಳಲು ವೇದಿಕೆಗೆ ಕರೆಯುವುದು ಮಗುವನ್ನು ಪಡೆದವರನ್ನು ಮಾತ್ರ. ಅದೇ ಚಾಪೆಯ ಮೇಲೆ ಅಷ್ಟೇ ಕಣ್ಣೀರಿಟ್ಟು ಪ್ರಾರ್ಥಿಸಿ ಬರಿಗೈಯಲ್ಲಿ ಮರಳಿದವಳು ಏನೆಂದುಕೊಳ್ಳಬೇಕು? ವಿಶ್ವಾಸ ಸಾಲದಾಯಿತೆಂದೇ? ಶಿಲೋವಿನ ದೇವಾಲಯದಲ್ಲಿ ತುಟಿ ಅಲುಗಿಸುತ್ತ ಮೌನವಾಗಿ ಪ್ರಾರ್ಥಿಸುತ್ತಿದ್ದ ಹನ್ನಳನ್ನು ಯಾಜಕ ಏಲಿ ಕುಡಿದ ಹೆಂಗಸೆಂದು ಗದರಿಸಿದ ಪ್ರಸಂಗ ಅದೇ ಅಧ್ಯಾಯದಲ್ಲಿದೆ. ಪ್ರಬೋಧನೆಗಳಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ, ಏಕೆಂದು ಊಹಿಸುವುದು ಕಷ್ಟವಲ್ಲ. ಮಾತೆ ಮರಿಯಳ ತಂದೆ ಜೋಕಿಮನು ಮಕ್ಕಳಿಲ್ಲದವನೆಂಬ ಕಾರಣಕ್ಕೆ ಅವನ ಕಾಣಿಕೆ ತಿರಸ್ಕೃತವಾಯಿತೆಂದು ಹಳೆಯ ಪರಂಪರೆ ಹೇಳುತ್ತದೆ. ಜುಲೈ 26ರಂದು ಅವನ ಮತ್ತು ಸಂತ ಅನ್ನಮ್ಮನವರ ಹಬ್ಬ ಆಚರಿಸುವ ನಾವು ತಿರಸ್ಕರಿಸಿದವರ ಸಾಲಿಗೇ ಸೇರುತ್ತೇವಲ್ಲ! ಸಂತಾನವಿಲ್ಲದ ನಪುಂಸಕರಿಗೆ ಪುತ್ರಪುತ್ರಿಯರಿಗಿಂತ ಮಿಗಿಲಾದ ಹೆಸರನ್ನು ತನ್ನ ಆಲಯದಲ್ಲೇ ಕೊಡುವೆನೆಂದು ದೇವರು ಪ್ರವಾದಿ ಯೆಶಾಯನ ಮೂಲಕ ವಾಗ್ದಾನ ಮಾಡಿದ್ದಾರೆ. ಅಲ್ಲಿ ಮಗು ಹುಟ್ಟುವ ಪ್ರಸ್ತಾಪವೇ ಇಲ್ಲ.

ಪ್ರನಾಳ ಶಿಶುವಿನ ವಿಧಾನವನ್ನು ಧರ್ಮಸಭೆ ಒಪ್ಪದಿರುವುದು ತಿಳಿದ ವಿಷಯ. 1987ರ ಬೋಧನಾಪತ್ರ ಅದಕ್ಕೆ ಕಾರಣಗಳನ್ನು ವಿವರಿಸಿದೆ. ನಾನು ಆ ಬೋಧನೆಗೆ ಬದ್ಧನು. ಆದರೆ ವರ್ಷಗಟ್ಟಲೆ ಆ ದಂಪತಿಗಳ ಬಾಗಿಲಿಗೆ ಹೋಗದವರು, ಅವರು ಸಾಲ ಮಾಡಿ ಚಿಕಿತ್ಸಾಲಯಕ್ಕೆ ಹೋದ ಮರುದಿನವೇ ತೀರ್ಪು ನೀಡಲು ಓಡಿಬರುವುದನ್ನು ಒಪ್ಪಲಾರೆನು. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಜನಿಸಿದಾಗ, ಕೆಲವೇ ವಾರಗಳಲ್ಲಿ ಪೋಪ್ ಒಂದನೆಯ ಜಾನ್ ಪಾಲ್ ಆಗಲಿದ್ದ ಕಾರ್ಡಿನಲ್ ಲುಚಿಯಾನಿ ಅವರು ಆ ವಿಧಾನದ ಬಗ್ಗೆ ಸಂದೇಹಗಳನ್ನು ಮುಂದಿಟ್ಟರು; ಆದರೆ ಮಗುವಿಗೆ ಶುಭ ಹಾರೈಸಿದರು, ತಂದೆತಾಯಿಯನ್ನು ಖಂಡಿಸಲು ತಮಗೆ ಹಕ್ಕಿಲ್ಲವೆಂದರು. ಅಷ್ಟು ಸೌಜನ್ಯ ನಮಗೇಕೆ ಕಷ್ಟ?

ದತ್ತು ಸ್ವೀಕಾರದಲ್ಲಿ ನಾವು ಹಿಂದುಳಿದುದಕ್ಕೆ ಕಾನೂನೂ ಒಂದು ಕಾಲದಲ್ಲಿ ಕಾರಣವಾಗಿತ್ತು. 1956ರ ದತ್ತಕ ಕಾಯಿದೆ ಹಿಂದೂಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕ್ರೈಸ್ತರಿಗೆ ದೊರಕುತ್ತಿದ್ದುದು 1890ರ ಕಾಯಿದೆಯಡಿ ಪಾಲಕತ್ವ ಮಾತ್ರ. 2000ದ ಬಾಲನ್ಯಾಯ ಕಾಯಿದೆ, ಅದರ 2006ರ ತಿದ್ದುಪಡಿ, ಅನಂತರ 2015ರ ಕಾಯಿದೆ ಈ ಬಾಗಿಲನ್ನು ಎಲ್ಲ ಧರ್ಮದವರಿಗೂ ತೆರೆದಿವೆ. ಉಳಿದಿರುವ ಅಡ್ಡಿ ‘ಯಾರ ರಕ್ತವೋ ಏನೋ’ ಎಂಬ ಮಾತು. ರಕ್ತಸಂಬಂಧವಿಲ್ಲದೆ ತಂದೆಯಾದ ಸಂತ ಜೋಸೆಫರ ಪ್ರತಿಮೆಯ ಎದುರಿನಲ್ಲೇ ಈ ಮಾತು ಹೊರಡುತ್ತದೆ.

ಇನ್ನು ತಿಮ್ಮಕ್ಕನವರನ್ನು ನೆನೆಯದವರಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಲ್ಲಿ ಮಕ್ಕಳಿಲ್ಲದ ಆ ತಾಯಿ ಗಂಡ ಚಿಕ್ಕಯ್ಯನವರೊಡನೆ ರಸ್ತೆಯ ಬದಿಯಲ್ಲಿ 385 ಆಲದ ಮರಗಳನ್ನು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಕಂಬನಿ ಮಿಡಿಯಿತು. ಅವರು ನಮಸ್ಕಾರಕ್ಕೆ ಅರ್ಹರು. ಆದರೆ ಸಾಲುಮರ ನೆಡದ, ಪದ್ಮಶ್ರೀ ಪಡೆಯದ, ಬೆಳಿಗ್ಗೆ ಎದ್ದು ಸೊಪ್ಪು ಮಾರಿ ಸಂಜೆ ಮನೆಗೆ ಬರುವ ಮಕ್ಕಳಿಲ್ಲದ ಹೆಂಗಸಿಗೆ ನಮಸ್ಕಾರ ಯಾವಾಗ?

ಮೇ ತಿಂಗಳ ಎರಡನೆಯ ಭಾನುವಾರ ಅನೇಕ ದೇವಾಲಯಗಳಲ್ಲಿ ತಾಯಂದಿರ ದಿನ. ಬಲಿಪೂಜೆಯ ಕೊನೆಗೆ ತಾಯಂದಿರೆಲ್ಲ ಎದ್ದು ನಿಲ್ಲಬೇಕು, ಬಾಲಕಿಯರು ಬಂದು ಒಂದೊಂದು ಗುಲಾಬಿ ಕೊಡುತ್ತಾರೆ. ನನ್ನ ಸಹಯಾಜಕರು ಈ ಸಲ ಆ ಕರೆ ಕೊಡುವ ಮೊದಲು ಎಡಗಡೆಯ ಬೆಂಚುಗಳನ್ನೂ ಬಲಗಡೆಯ ಬೆಂಚುಗಳನ್ನೂ ಒಮ್ಮೆ ನೋಡಲಿ. ಏಳಲಾಗದೆ, ಕೂರಲೂ ಆಗದೆ, ಪ್ರಾರ್ಥನಾ ಪುಸ್ತಕದಲ್ಲಿ ಮುಖ ಹುದುಗಿಸುವವರು ಅಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಲಿ.