ದಾಸೋಹದ ಪಲ್ಯ ಎಲ್ಲಿಂದ ಬರಬೇಕು?



ಕಾಯಕದ ಬಗ್ಗೆ ನಾನು ಮಾಡಿದ ಭಾಷಣಗಳ ಲೆಕ್ಕ ನನಗೇ ಇಲ್ಲ. ಬಸವ ಜಯಂತಿಗೆ, ಶ್ರಾವಣದ ಪ್ರವಚನದ ಮಂಗಲಕ್ಕೆ ಕರೆದಲ್ಲೆಲ್ಲ ಹೋಗಿ ಮಾತಾಡಿ, ಶಾಲು ಹೊದ್ದು, ಪ್ರಸಾದ ಮುಗಿಸಿ ಬಂದಿದ್ದೇನೆ. ಆದರೆ 62 ವರ್ಷವಾಗುವವರೆಗೆ ನನ್ನ ಉಗುರಿನ ಸಂದಿಯಲ್ಲಿ ಮಣ್ಣು ಕೂತಿರಲಿಲ್ಲ. ಸರ್ಕಾರಿ ಇಂಜಿನಿಯರಾಗಿ 33 ವರ್ಷ ಕಾಲುವೆ, ಕೆರೆ ಏರಿ, ತೂಬು ಎಂದು ಓಡಾಡಿದವನು ನಾನು. ಮಣ್ಣನ್ನು ಘನಮೀಟರಿನಲ್ಲಿ ಅಳೆದಿದ್ದೆನೇ ಹೊರತು ಕೈಯಲ್ಲಿ ಹಿಡಿದಿರಲಿಲ್ಲ.

ಹಾನಗಲ್ಲ ಕಡೆಯವರಾದ ನಾವು ನಿವೃತ್ತಿಯ ನಂತರ ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾದಲ್ಲಿ ಮನೆ ಮಾಡಿದೆವು. ಮನೆಯ ಹಿಂದೆ ನಾಲ್ಕು ಗುಂಟೆ ಹಿತ್ತಿಲು. ಅದು ನಮ್ಮ ಮನೆಯವರ ರಾಜ್ಯವಾಗಿತ್ತು. ನಾನು ಜಗಲಿಯಲ್ಲಿ ಕೂತು ಪೇಪರ್ ಓದುವವನು. ಎರಡು ವರ್ಷದ ಹಿಂದೆ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಬಗ್ಗಬಾರದು, ಕುಕ್ಕರಗಾಲಲ್ಲಿ ಕೂರಬಾರದು. ಹಿತ್ತಿಲೂ ಅಡುಗೆಮನೆಯೂ ಒಂದೇ ವಾರದಲ್ಲಿ ನನ್ನ ಪಾಲಿಗೆ ಬಂದವು.

ಮೊದಲ ಮಳೆಗಾಲದಲ್ಲಿ ನಮ್ಮ ಬಯಲುಸೀಮೆಯ ಪದ್ಧತಿಯಂತೆ ಸಮತಟ್ಟು ಮಡಿ ಮಾಡಿ, ಸುತ್ತ ಬದು ಕಟ್ಟಿ ಮೆಂತ್ಯೆ, ಕೊತ್ತಂಬರಿ ಬಿತ್ತಿದೆ. (ಮಡಿ ಎಂದರೆ ತರಕಾರಿಯ ಮಡಿ, ಇನ್ನೊಂದು ಮಡಿಯನ್ನು ಶರಣರು 12ನೇ ಶತಮಾನದಲ್ಲೇ ಬಿಟ್ಟರು.) ಎಂಟು ದಿನ ಬಿಡದೆ ಹೊಡೆದ ಮಳೆಗೆ ಎಲ್ಲ ಕೊಳೆತು ನಾರಿತು. ಪಕ್ಕದ ಮನೆಯ ಹಿರಿಯ ಹವ್ಯಕ ತಾಯಿ ಬೇಲಿಯಾಚೆಯಿಂದ ನೋಡಿ, "ಸಾಹೇಬ್ರೆ, ನೀರು ಬರೋ ದಾರಿ ಮಾಡಿದ್ರಿ, ಹೋಗೋ ದಾರಿ ಎಲ್ಲಿ?" ಎಂದರು. ನಾಚಿಕೆಯಾಯಿತು. ತುಂಗಭದ್ರಾ, ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಹೆಚ್ಚಾಗಿ, ಬಸಿಗಾಲುವೆ ಸಾಲದೆ ಸಾವಿರಾರು ಎಕರೆ ಸವಳು-ಜವಳಾದದ್ದನ್ನು ನಾನೇ ಎಷ್ಟೋ ಸಭೆಗಳಲ್ಲಿ ವಿವರಿಸಿದ್ದೆ. ನನ್ನ ಹಿತ್ತಿಲಲ್ಲಿ ಅದೇ ತಪ್ಪು ಮಾಡಿದ್ದೆ.

ಮರುವರ್ಷ ಒಂದಡಿ ಎತ್ತರದ ಏರುಮಡಿ, ನಡುವೆ ಇಳಿಜಾರಿನ ಕಾಲುವೆ. ಮೇಲೆ ಸಗಣಿಗೊಬ್ಬರ, ಅದರ ಮೇಲೆ ಇಲ್ಲಿಯವರು ದರಕು ಎನ್ನುವ ಒಣ ಎಲೆಯ ಹೊದಿಕೆ. ಮಳೆಗಾಲಕ್ಕೆ ಸೌತೆ, ಹೀರೆ, ಬೆಂಡೆ, ಬಸಳೆ, ಕೆಸು. ದೀಪಾವಳಿ ಕಳೆದ ಮೇಲೆ ಹರಿವೆ, ಬದನೆ, ಮೂಲಂಗಿ, ಮತ್ತು ಹಟಕ್ಕೆ ಬಿದ್ದು ಮೆಂತ್ಯೆ. ಬೀಜವೆಲ್ಲ ಆ ತಾಯಿಯವರೇ ಕೊಟ್ಟದ್ದು. ಈ ಸೀಮೆಯ ಹೆಂಗಸರು ಬೀಜವನ್ನು ಮಾರುವುದಕ್ಕಿಂತ ಹಂಚುವುದೇ ಹೆಚ್ಚು. ಶಿರಸಿಯ 'ವನಸ್ತ್ರೀ' ಬಳಗ 2001ರಿಂದ ಇದನ್ನೇ ಒಂದು ಕೆಲಸವಾಗಿ ಮಾಡಿಕೊಂಡು ಬಂದಿದೆ.

ಅಡುಗೆಯನ್ನು ನಮ್ಮ ಮನೆಯವರು ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಕಲಿಸಿದರು. ಒಂದೆಲಗದ ಎಲೆಯನ್ನು ಜೀರಿಗೆ, ಕಾಳುಮೆಣಸಿನೊಡನೆ ಚೂರು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಕುದಿಸುವಂತಿಲ್ಲ. ನಾನು ಮೊದಲ ದಿನ ಕುದಿಸಿದೆ, ಒಡೆದು ನೀರಾಯಿತು. "ಏನ್ರೀ, ಇದು ಸಾರಲ್ಲ" ಎಂದು ನಕ್ಕರು. ಕೆಸುವಿನ ಸೊಪ್ಪಿಗೆ ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ, ಅದನ್ನೂ ಅನುಭವಿಸಿ ಕಲಿತೆ. ಆದರೆ ಚಳಿಗಾಲದ ಒಂದು ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಕಿತ್ತ ಎಳೆ ಮೂಲಂಗಿಯನ್ನು ಸೊಪ್ಪಿನ ಸಮೇತ ಬಿಸಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಯ ಜೊತೆ ಕಡಿದು ತಿಂದಾಗ ನಮ್ಮವ್ವನ ನೆನಪಾಗಿ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಈಗ ಹರಿವೆಯ ದಂಟನ್ನೂ ಬಿಸಾಡಲು ಕೈ ಬರುವುದಿಲ್ಲ. ಪ್ರಸಾದವನ್ನು ಚೆಲ್ಲಬಾರದು ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಕಳೆ ಕಿತ್ತ ಮೇಲೆ ಯಾರೂ ಹೇಳಬೇಕಾಗಲಿಲ್ಲ.

ದುಡ್ಡು ಉಳಿಯುತ್ತದೆಯೇ ಎಂದು ಕೇಳಬೇಡಿ. ಮಂಗಗಳ ಪಾಲು, ಬಲೆಯ ಖರ್ಚು ಕಳೆದರೆ ಉಳಿತಾಯ ಅಷ್ಟಕ್ಕಷ್ಟೇ. ಟೊಮೆಟೊ ಎರಡು ವರ್ಷವೂ ಸೋತಿತು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಮರಳಿ ಸುರಿದು ಬರಲು ಹೇಳಿದ ಪ್ರಸಂಗ ನಮಗೆಲ್ಲ ಗೊತ್ತು. ನಾನೂ ವೇದಿಕೆಯ ಮೇಲೆ ಹೇಳಿದ್ದೇ. ಅದು ಅರ್ಥವಾದದ್ದು ಒಂದೇ ದಿನ ಹನ್ನೊಂದು ಸೌತೆಕಾಯಿ ಸಿಕ್ಕಾಗ. ಇಟ್ಟರೆ ಹಣ್ಣಾಗುತ್ತದೆ, ಕೊಟ್ಟರೆ ಮಾತ್ರ ಊಟವಾಗುತ್ತದೆ. ಮೊಗೆಕಾಯಿ ಹಾಗಲ್ಲ, ಬಾಳೆಪಟ್ಟೆಯಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಅದರ ಮೇಲೆ ನನಗೂ ಆಸೆ ಹುಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ.

ಈಗ ನನ್ನ ಮುಖ್ಯ ಮಾತು. ನಮ್ಮ ಮಠಗಳ ದಾಸೋಹ ನಾಡಿಗೇ ಮಾದರಿ. ಆದರೆ ಎಷ್ಟೋ ಕಡೆ ಪ್ರಸಾದ ನಿಲಯದ ಮಕ್ಕಳ ತಟ್ಟೆಯಲ್ಲಿ ಅನ್ನ, ತಿಳಿ ಸಾರು, ಸೊಪ್ಪು ಅಪರೂಪ. ಇನ್ನೂರು ಮಕ್ಕಳಿಗೆ ವಾರಕ್ಕೆರಡು ಸಲ ತಲಾ 100 ಗ್ರಾಂ ಸೊಪ್ಪು ಎಂದರೆ ತಿಂಗಳಿಗೆ ಸುಮಾರು 160 ಕಿಲೋ. ನನ್ನ ಮಡಿಯಲ್ಲಿ ಒಂದು ಚದರ ಮೀಟರಿಗೆ ತಿಂಗಳಿಗೆ ಹೆಚ್ಚು ಕಡಿಮೆ ಒಂದು ಕಿಲೋ ಹರಿವೆ ಬರುತ್ತದೆ. ಅಂದರೆ ಎರಡು ಗುಂಟೆ ಸಾಕು. ಅದಕ್ಕೆ ಬೇಸಿಗೆಯಲ್ಲೂ ದಿನಕ್ಕೆ ಒಂದು ಸಾವಿರ ಲೀಟರಿನಷ್ಟು ನೀರು ಸಾಕು. ಮಕ್ಕಳು ಸ್ನಾನ ಮಾಡಿದ ನೀರೇ ಅದರ ಮೂರು ಪಟ್ಟು ಇರುತ್ತದೆ. ಜಲ್ಲಿ-ಮರಳಿನ ಗುಂಡಿಯಲ್ಲಿ ಸೋಸಿ, ಬುಡಕ್ಕಷ್ಟೇ ಬಿಟ್ಟರಾಯಿತು.

ಇದನ್ನು ಒಂದು ಮಠದ ಸಮಿತಿಯಲ್ಲಿ ಹೇಳಿದೆ. ಹಿರಿಯರೊಬ್ಬರು, "ಸಾಹೇಬ್ರ, ಹುಡುಗ್ರು ಓದಾಕ ಬಂದಾರೋ, ಕಳಿ ಕೀಳಾಕೋ?" ಎಂದರು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು, ಆದರೆ ಮನೆಗೆ ಬಂದು ಯೋಚಿಸಿದರೆ ಅವರ ಮಾತಿನಲ್ಲಿ ಸತ್ಯವಿತ್ತು. ನಮ್ಮಪ್ಪ ಹೊಲದ ಕೆಲಸ ಸಾಕೆಂದೇ ನನ್ನನ್ನು ಇಂಜಿನಿಯರಿಂಗ್ ಓದಿಸಿದ್ದು. ಬಡ ರೈತರು ಮಕ್ಕಳನ್ನು ಮಠಕ್ಕೆ ಕಳಿಸುವುದೂ ಅದಕ್ಕೇ. ಆ ಮಕ್ಕಳ ಕೈಗೆ ಸಂಬಳವಿಲ್ಲದ ಗುದ್ದಲಿ ಕೊಟ್ಟು ಅದಕ್ಕೆ ಕಾಯಕ ಎಂದು ಹೆಸರಿಡುವುದು ಸರಿಯಲ್ಲ. ಗುದ್ದಲಿ ಹಿಡಿಯಬೇಕಾದವರು ನಾವು: ಪಿಂಚಣಿ ಬರುವ, ಹೊತ್ತು ಹೋಗದ, ಸಮಿತಿಯ ಕುರ್ಚಿಗಾಗಿ ಜಗಳವಾಡುವ ನಿವೃತ್ತರು. ಮಕ್ಕಳು ಮನಸ್ಸಿದ್ದರೆ ಬರಲಿ, ಇಲ್ಲವಾದರೆ ಓದಿಕೊಳ್ಳಲಿ.

ಮುಂದಿನ ಸಭೆಯಲ್ಲಿ ಹೀಗೆಂದೇ ಹೇಳಿದೆ. ಈ ಸಲ ನಗು ಬರಲಿಲ್ಲ, ಉತ್ತರವೂ ಬರಲಿಲ್ಲ. ಸಭೆ ಮುಗಿದ ಮೇಲೆ ಮೂವರು ಬಂದು ಕೈ ಜೋಡಿಸುತ್ತೇವೆ ಎಂದರು. ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು, ಒಬ್ಬರು ಬ್ಯಾಂಕಿನಲ್ಲಿದ್ದವರು, ಮೂರನೆಯವರು ಮೊದಲ ಸಭೆಯಲ್ಲಿ ನಕ್ಕ ಹಿರಿಯರೇ. ಅವರಿಗೆ ಬೆನ್ನುನೋವು, ಆದ್ದರಿಂದ ಬೀಜ ಬಿತ್ತುವ ಕೆಲಸ ಅವರದು. ದೀಪಾವಳಿಯ ಮರುವಾರ ಮಠದ ಹಿಂದಿನ ಖಾಲಿ ಜಾಗದಲ್ಲಿ ಶುರು ಮಾಡುತ್ತೇವೆ. ಹರಿವೆ ಬೀಜ ಒಣಗಿಸಿ ಪೊಟ್ಟಣ ಕಟ್ಟಿಟ್ಟಿದ್ದೇನೆ, ಬಸಿಗಾಲುವೆಯ ನಕ್ಷೆಯೂ ತಯಾರಿದೆ.