ಗರಡಿ ಮತ್ತು ಅಖಾಡ

ಗರಡಿಮನೆಯ ಮಟ್ಟಿಯ ಮೇಲೆ ಬಿದ್ದ ಪೈಲ್ವಾನನನ್ನು ಕಂಡು ಯಾರೂ ನಗುವುದಿಲ್ಲ. ಉಸ್ತಾದನು ಅವನನ್ನು ಎಬ್ಬಿಸಿ, ಯಾವ ಪಟ್ಟಿನಲ್ಲಿ ಹಿಡಿತ ತಪ್ಪಿತೆಂಬುದನ್ನು ತೋರಿಸಿಕೊಟ್ಟು, ಮತ್ತೆ ಸೆಣಸಲು ಹೇಳುತ್ತಾನೆ. ಜಾತ್ರೆಯ ಅಖಾಡದಲ್ಲಿ ಸೋಲಬಾರದೆಂದೇ ಗರಡಿಯಲ್ಲಿ ಬಿದ್ದು ಏಳುವುದು. ಕಾಲೇಜು ಪ್ರವೇಶಕ್ಕಾಗಿ ನಡೆಯುವ ಅಭ್ಯಾಸ ಪರೀಕ್ಷೆಗಳಿಗೂ ಈ ಮಾತು ಸಲ್ಲುತ್ತದೆ. ಅಭ್ಯಾಸ ಪರೀಕ್ಷೆಯು ಗರಡಿ. ಅದನ್ನೇ ಅಖಾಡವನ್ನಾಗಿ ಮಾಡುವುದು ತರವಲ್ಲ.

ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯು 1994ರಲ್ಲಿ ಆರಂಭವಾಯಿತು. ಜನರ ಬಾಯಲ್ಲಿ ಅದು ಸಿ.ಇ.ಟಿ. ಎಂದೇ ಪ್ರಸಿದ್ಧ. ಅದರ ಒಂದೊಂದು ವಿಷಯದಲ್ಲಿಯೂ 60 ಪ್ರಶ್ನೆಗಳು, 80 ನಿಮಿಷಗಳ ಅವಧಿ. ಅಂದರೆ ಒಂದು ಪ್ರಶ್ನೆಯ ಪಾಲಿಗೆ ಬರುವುದು 80 ಸೆಕೆಂಡುಗಳು ಮಾತ್ರ. ಅಷ್ಟರೊಳಗೆ ಪ್ರಶ್ನೆಯನ್ನು ಓದಿ, ಲೆಕ್ಕಮಾಡಿ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ವಿವರವಾಗಿ ಉತ್ತರ ಬರೆಯುವುದನ್ನು ರೂಢಿಸಿಕೊಂಡ ವಿದ್ಯಾರ್ಥಿಗೆ ಈ ಬಗೆ ಹೊಸದು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದರೆ ಫಲವಿಲ್ಲ. ಆದುದರಿಂದ ಮುಂಚಿತವಾಗಿ ಅಭ್ಯಾಸ ಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಪರೀಕ್ಷೆಯು ಕಲಿತುದನ್ನು ಅಳೆಯುವ ಸೇರು ಮಾತ್ರವಲ್ಲ. ಕಲಿಸುವ ಸಾಧನವೂ ಹೌದು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಒಂದು ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿದ ಮೇಲೆ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ಬಳಿಕ ಕೇಳಿದಾಗ ಮೊದಲಿನವರೇ ಮುಂದಿದ್ದರು. ಆದರೆ ಒಂದು ವಾರದ ಬಳಿಕ ಹೆಚ್ಚು ನೆನಪಿದ್ದುದು ತಾವಾಗಿ ಬರೆದವರಿಗೆ.

ಇಂತಹ ಒಳ್ಳೆಯ ಸಾಧನವು ಇಂದು ಅನೇಕ ಕಡೆ ಹೆದರಿಕೆಯ ಕೋಲಾಗಿದೆ. ಅಭ್ಯಾಸ ಪರೀಕ್ಷೆ ಮುಗಿದ ಮರುದಿನವೇ ಅಂಕಗಳ ಪಟ್ಟಿ ಫಲಕವನ್ನೇರುತ್ತದೆ. ಮೊದಲ ಹತ್ತು ಮಂದಿಗೆ ಚಪ್ಪಾಳೆ. ಕೊನೆಯ ಹತ್ತು ಮಂದಿಗೆ ತಲೆತಗ್ಗಿಸುವ ಪಾಡು. ಸ್ಪರ್ಧೆಯಿಂದ ಹುರುಪು ಹುಟ್ಟುತ್ತದೆಂದು ಕೆಲವರು ವಾದಿಸುತ್ತಾರೆ. ಮುಂದಿರುವವರಿಗೆ ಅದು ನಿಜವಿರಬಹುದು. ಆದರೆ ಹಿಂದುಳಿದವನಿಗೆ ಪಟ್ಟಿಯು ಅವನ ಸ್ಥಾನವನ್ನು ಹೇಳುತ್ತದೆಯೇ ಹೊರತು, ದಾರಿಯನ್ನು ತೋರಿಸುವುದಿಲ್ಲ. ತಪ್ಪು ಹೊರಬಿದ್ದರೆ ಅವಮಾನವೆಂದು ಬಗೆದವನು ತಪ್ಪನ್ನು ಮುಚ್ಚಿಡಲು ಕಲಿಯುತ್ತಾನೆ, ತಿದ್ದಿಕೊಳ್ಳಲು ಕಲಿಯುವುದಿಲ್ಲ. ಈ ಅಪಾಯವನ್ನು ಅರಿತೇ ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ತರಬೇತಿ ಕೇಂದ್ರಗಳು ತಮ್ಮ ಕಿರುಪರೀಕ್ಷೆಗಳ ಫಲಿತಾಂಶವನ್ನು ಬಹಿರಂಗಪಡಿಸಬಾರದೆಂದು ಸೂಚಿಸಿದೆ.

ಹಾಗಾದರೆ ನಿಜವಾದ ನೆರವು ಯಾವುದು? ಪರೀಕ್ಷೆಯ ಅನಂತರದ ಒಂದು ಗಂಟೆಯೇ ಅದರ ಸಾರ. ತಪ್ಪಾದ ಪ್ರತಿಯೊಂದು ಉತ್ತರಕ್ಕೂ ಕಾರಣವನ್ನು ಹುಡುಕಬೇಕು. ಕೆಲವು ತಪ್ಪುಗಳು ವಿಷಯ ತಿಳಿಯದೆ ಆದವು. ಅವುಗಳಿಗೆ ಪಾಠವನ್ನು ಪುನಃ ಓದುವುದೇ ಮದ್ದು. ಕೆಲವು ಪ್ರಶ್ನೆಯನ್ನು ಸರಿಯಾಗಿ ಓದದೆ ಆದವು. ‘ಯಾವುದು ಸರಿಯಲ್ಲ’ ಎಂಬುದನ್ನು ‘ಯಾವುದು ಸರಿ’ ಎಂದು ಓದಿಕೊಂಡವರು ಎಷ್ಟೋ ಮಂದಿ. ಮತ್ತೆ ಕೆಲವು ಅವಸರದಿಂದ ಆದವು. ಸೆಂಟಿಮೀಟರನ್ನು ಮೀಟರಿಗೆ ಬದಲಾಯಿಸಲು ಮರೆತಂತಹವು. ಇಪ್ಪತ್ತು ತಪ್ಪು ಮಾಡಿದ ಇಬ್ಬರು ವಿದ್ಯಾರ್ಥಿಗಳ ಅಂಕ ಒಂದೇ ಇರಬಹುದು. ಅವರಿಗೆ ಬೇಕಾದ ಔಷಧ ಬೇರೆ ಬೇರೆ. ಪರೀಕ್ಷೆಯ ನಿಯಮವೂ ತಿಳಿದಿರಬೇಕು. ಸಿ.ಇ.ಟಿ.ಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡುವುದು ಜಾಣತನವಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ 4 ಅಂಕ ದೊರೆತರೆ, ತಪ್ಪಿಗೆ 1 ಅಂಕ ಹೋಗುತ್ತದೆ. ಅಲ್ಲಿ ವಿವೇಚನೆ ಬೇಕು.

ಹಣವುಳ್ಳವರಿಗೆ ತರಬೇತಿ ಕೇಂದ್ರಗಳಿವೆ. ಇಲ್ಲದವರ ಗತಿಯೇನು ಎಂಬ ಪ್ರಶ್ನೆ ಸಹಜ. ಕರ್ನಾಟಕ ಸರ್ಕಾರವು 2020ರಲ್ಲಿ ‘ಗೆಟ್ ಸಿಇಟಿ ಗೋ’ ಎಂಬ ಉಚಿತ ತರಬೇತಿಯನ್ನು ಆರಂಭಿಸಿತು. 2023ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೂ ಕಾನ್ಪುರದ ಐಐಟಿಯೂ ಕೂಡಿ ‘ಸಾಥಿ’ ಎಂಬ ಉಚಿತ ವ್ಯವಸ್ಥೆಯನ್ನು ತಂದವು. ಇವು ಸ್ವಾಗತಾರ್ಹ. ಆದರೆ ಯಂತ್ರವು ಅಂಕ ಎಣಿಸಬಲ್ಲದು. ಕುಗ್ಗಿದ ಮನಸ್ಸಿನ ಪಕ್ಕದಲ್ಲಿ ಕುಳಿತು ‘ಇಲ್ಲಿಯವರೆಗೆ ನೀನು ಸರಿಯಾಗಿಯೇ ಬಂದಿದ್ದೀಯೆ’ ಎಂದು ಬೆನ್ನು ತಟ್ಟಲಾರದು. ಅದಕ್ಕೆ ಒಬ್ಬ ಗುರು, ಒಬ್ಬಳು ಅಕ್ಕ, ಇಲ್ಲವೆ ಜೊತೆಯ ಗೆಳೆಯ ಬೇಕು. ಇದಕ್ಕೆ ಖರ್ಚಿಲ್ಲ, ತಾಳ್ಮೆಯೊಂದಿದ್ದರೆ ಸಾಕು.

ಈ ಅಭ್ಯಾಸಕ್ಕೆ ಪದವಿಪೂರ್ವ ತರಗತಿಯವರೆಗೆ ಕಾಯಬೇಕಾಗಿಲ್ಲ. ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ‘ಎಷ್ಟು ಬಂತು?’ ಎಂದು ಕೇಳುವುದಕ್ಕಿಂತ ಮೊದಲು ‘ಎಲ್ಲಿ ತಪ್ಪಿತು?’ ಎಂದು ಕೇಳಿಕೊಳ್ಳುವ ವಿದ್ಯಾರ್ಥಿಯು ಯಾವ ಪರೀಕ್ಷೆಗೂ ಅಂಜಬೇಕಾಗಿಲ್ಲ.